ನಿಮ್ಮ ದೂರು ತಲುಪಿದೆ

"ಪುಟ ಶುರುವಾದಾಗಿಂದ ಒಂದೇ ಒಂದು ದೂರಿಲ್ಲ! ಇಂಥ ಕಾರ್ಖಾನೆ ಎಲ್ಲಾದ್ರೂ ಕಂಡಿದ್ದೀಯೇನಮ್ಮಾ?" ಎಂದು ಮ್ಯಾನೇಜರು ಅವಳ ಮೇಜಿಗೊರಗಿ ಹಿರಿಹಿರಿ ಹಿಗ್ಗುತ್ತಿದ್ದರು. ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ.

ಕಾರ್ಮಿಕರು ದೂರು ಬರೆಯುವ ವೆಬ್ ಪುಟವನ್ನು ಮಾಡಿದವಳು ಅವಳೇ. ಬರೆದು 'ಕಳುಹಿಸಿ' ಒತ್ತಿದರೆ ಬರೆದದ್ದೆಲ್ಲ ಸರ್ವರಿನಲ್ಲಿರುವ ಒಂದು ಪ್ರೋಗ್ರಾಮಿಗೆ ಹೋಗಬೇಕು, ಅದು ಮ್ಯಾನೇಜರಿಗೆ ಮುಟ್ಟಿಸಬೇಕು. ಪುಟ ಕಟ್ಟುವಾಗ ಪರೀಕ್ಷೆಗೆಂದು ಇನ್ನೊಂದು ಪೊಳ್ಳು ಪ್ರೋಗ್ರಾಮು ಇಟ್ಟುಕೊಂಡಿದ್ದಳು. ಅದಕ್ಕೆ ಗೊತ್ತಿದ್ದದ್ದು ಒಂದೇ ಮಾತು: 'ನಿಮ್ಮ ದೂರು ತಲುಪಿದೆ, ಧನ್ಯವಾದ.' ಬಂದದ್ದನ್ನು ಅದು ಎಲ್ಲಿಯೂ ಇಡುತ್ತಿರಲಿಲ್ಲ. ಇವತ್ತು ಪುಟದ ಬಣ್ಣ ಬದಲಿಸಲು ಕೂತಾಗ ಕಣ್ಣಿಗೆ ಬಿತ್ತು: ಪುಟ ಇನ್ನೂ ಆ ಪೊಳ್ಳು ಪ್ರೋಗ್ರಾಮಿನ ವಿಳಾಸಕ್ಕೇ ಕಳಿಸುತ್ತಿತ್ತು. ವಿಳಾಸ ಬದಲಿಸುವುದನ್ನೇ ಮರೆತಿದ್ದಳು, ಮಹಾತಾಯಿ! ಇಷ್ಟು ದಿನ ಜನ ಬರೆದದ್ದೆಲ್ಲ ಗಾಳಿಪಾಲು.

ಮ್ಯಾನೇಜರು ಹೋದ ಮೇಲೆ ಸರಿಯಾದ ವಿಳಾಸ ಹಾಕಿದಳು. ಒಂದು ಸಾಲಿನ ಕೆಲಸ. ಬಾಯಿ ಬಿಟ್ಟರೆ ನೌಕರಿಗೆ ಕುತ್ತು, ಬಿಡದಿದ್ದರೆ ನರಪಿಳ್ಳೆಗೂ ಗೊತ್ತಾಗುವುದಿಲ್ಲ.

ಊಟದ ಹೊತ್ತಿಗೆ ಕೆಳಗಿನ ಪ್ಯಾಕಿಂಗ್ ಹಾಲಿನಿಂದ ಅಕ್ಕ ಮೇಲಿನ ಊಟದ ಕೋಣೆಗೆ ಬಂದು ಎದುರು ಕೂತಳು. ಅವಳನ್ನು ಇಲ್ಲಿ ಕೆಲಸಕ್ಕೆ ಸೇರಿಸಿದವಳೂ ತಂಗಿಯೇ. ಅಕ್ಕನಿಗೆ ಉಬ್ಬಸ, ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು ಬಿಡುತ್ತಿದ್ದಳು.

"ಹಿಂದಿನ ಬಾಗಿಲಿಗೆ ಇವತ್ತೂ ಹೊರಗಿಂದ ಬೀಗ ಕಣೇ. ಯಾರೂ ಹೊರಗೆ ನುಸುಳಬಾರದಂತೆ. ಆ ಧೂಳಲ್ಲಿ ಉಸಿರೇ ಕಟ್ಟುತ್ತೆ. ಬೆಂಕಿಗಿಂಕಿ ಬಿದ್ರೆ ನಾವೆಲ್ಲ ಅಲ್ಲೇ."

"ಪುಟದಲ್ಲಿ ಬರಿ ಅಕ್ಕಾ."

"ಬರೆದೂ ಬರೆದೂ ಬೆರಳು ಸವೀತು. ನಾನು ಬರೆದೆ, ಪಕ್ಕದವಳೂ ಬರೆದಳು. ಪ್ರತಿ ಸಲ ತಲುಪಿದೆ ಅನ್ನುತ್ತೆ. ತಲುಪಿಯೂ ಸುಮ್ನಿದಾರೆ ಅಂದ್ರೆ ನಾವು ಸತ್ರೂ ಅವರಿಗೆ ಅಷ್ಟೇ. ಇನ್ನು ಯಾರೂ ಬರೆಯಲ್ಲ."

"ಇನ್ನೊಂದೇ ಸಲ..."

"ನಿನ್ನ ಮುಖ ನೋಡಿ ಇಷ್ಟಾದ್ರೂ ಬರೆದದ್ದು. ನೀನು ಪುಟ ಚೆನ್ನಾಗೇ ಮಾಡಿದೀಯ, ಓದೋರು ಸರಿಯಿಲ್ಲ. ಅದಕ್ಕೆ ನೀನೇನು ಮಾಡ್ತೀಯ ಹೇಳು?"

ಅಕ್ಕ ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಂಗಿ ಡಬ್ಬಿ ಅರ್ಧಕ್ಕೇ ಮುಚ್ಚಿ ಎದ್ದಳು.

ಮೇಜಿಗೆ ಮರಳಿ ಪುಟ ತೆರೆದು ಬರೆದಳು: 'ಪ್ಯಾಕಿಂಗ್ ಹಾಲಿನ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಾರೆ. ಒಳಗಿನವರು ಎಷ್ಟೋ ಸಲ ಬರೆದರು. ಒಂದೂ ನಿಮಗೆ ಮುಟ್ಟಲಿಲ್ಲ. ತಪ್ಪು ನನ್ನದು.' ಹೆಸರು ಬಿಟ್ಟು ಒತ್ತಿ ನೋಡಿದಳು. ಪುಟ ಜಪ್ಪಯ್ಯ ಎಂದರೂ ಕದಲಲಿಲ್ಲ. ಹೆಸರಿಲ್ಲದೆ ಯಾವುದನ್ನೂ ಬಿಡಬೇಡ ಎಂದು ಅದಕ್ಕೆ ಕಲಿಸಿದವಳೂ ಅವಳೇ, ಮ್ಯಾನೇಜರ ಅಪ್ಪಣೆ. ಹೆಸರು ಬರೆದಳು, ಒತ್ತಿದಳು.

ಗಾಜಿನ ಗೋಡೆಯಾಚೆ ಮ್ಯಾನೇಜರ ಫೋನು ಟಿಣ್ ಎಂದಿತು. ಓದಿದರು. ಮತ್ತೊಮ್ಮೆ ಓದಿದರು. ಎದ್ದು ಬಂದು ಅವಳ ಕುರ್ಚಿಯ ಹಿಂದೆ ನಿಂತರು.

"ಇದು ನನಗೆ ಬಿಟ್ಟು ಇನ್ಯಾರಿಗಾದ್ರೂ ಹೋಗಿದೆಯಾ?"

"ಇಲ್ಲ ಸರ್."

"ಸದ್ಯ!" ದನಿಯಲ್ಲಿ ಸಿಟ್ಟೇ ಇರಲಿಲ್ಲ. "ತಪ್ಪು ಅಂತ ಯಾರು ಹೇಳಿದ್ದು ನಿಂಗೆ? ಮೊದಲು ಹೇಗಿತ್ತೋ ಹಾಗೇ ಮಾಡಿಡು. ನಿನ್ನ ಕೆಲಸ ಎಲ್ಲಿಗೂ ಹೋಗಲ್ಲ. ಮಾಡು, ಇಲ್ಲೇ ನಿಂತಿರ್ತೀನಿ."

ಊಟ ಮುಗಿದು ಕೆಳಗೆ ಯಂತ್ರಗಳು ಒಂದೊಂದಾಗಿ ಶುರುವಾದವು, ಮೇಜು ಸಣ್ಣಗೆ ಅದುರತೊಡಗಿತು. ಅವಳು ಎರಡೂ ಕೈಗಳನ್ನು ಕೀಲಿಮಣೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು.