ಕೆಂಚಿಗುಡ್ಡದ ಕ್ಯಾಪ್ಟನ್

ಯಲಬುರ್ಗಾ ತಾಲೂಕಿನ ಕೆಂಚಿಗುಡ್ಡದ ಪ್ರೌಢಶಾಲೆಯಲ್ಲಿ ಕಬಡ್ಡಿ, ಖೋಖೋ ಬಿಟ್ಟರೆ ಬೇರೆ ಆಟ ಇರಲಿಲ್ಲ. ದೈಹಿಕ ಶಿಕ್ಷಕರಾಗಿ ಬಂದ ಲಕ್ಷ್ಮಣಪ್ಪ ಮಾಸ್ತರರು ಮೊದಲ ದಿನವೇ ಒಂದು ಫುಟ್‌ಬಾಲ್ ತಂದು ಹುಡುಗರ ನಡುವೆ ಎಸೆದರು. ಎಲ್ಲರೂ ಕೈ ಚಾಚಿ ಅದರ ಮೇಲೆ ಬಿದ್ದರು. ದುರುಗೇಶ ಒಬ್ಬನೇ ಕಾಲು ಮುಂದಿಟ್ಟು ನಿಲ್ಲಿಸಿದ. ಮಾಸ್ತರರು ಅವನನ್ನು ಕ್ಯಾಪ್ಟನ್ ಮಾಡಿದರು. ಕೈಯಲ್ಲಿ ಹಿಡಿದು ಎದೆಗವಚಿಕೊಂಡವನು ಮುನವ್ವರ. ಅವನನ್ನು ಗೋಲು ಕಾಯಲು ನಿಲ್ಲಿಸಿದರು.

ಇಬ್ಬರ ಮನೆಗಳ ನಡುವೆ ಒಂದೇ ಗೋಡೆ. ಮುನವ್ವರನ ಅಕ್ಕ ಖುರ್ಷಿದಾ ಹುಟ್ಟಿ ಮೂರು ದಿನಕ್ಕೆ ದುರುಗೇಶ ಹುಟ್ಟಿದ್ದ. ಹೆತ್ತ ಮೇಲೆ ಖುರ್ಷಿದಾಳ ತಾಯಿ ರಾಜಾಬೀಗೆ ಜ್ವರ ಏರಿ, ಎದೆಹಾಲು ಬತ್ತಿ, ಬದುಕುತ್ತಾಳೋ ಇಲ್ಲವೋ ಎನ್ನುವಂತಾದಾಗ ಗೋಡೆಯಾಚೆಯ ದುರುಗೇಶನ ತಾಯಿ ಗಾಳೆಮ್ಮ ಆ ಕೂಸನ್ನೂ ತನ್ನ ತೊಡೆಯ ಮೇಲೆ ಹಾಕಿಕೊಂಡಳು. ಐದು ತಿಂಗಳು ಇಬ್ಬರಿಗೂ ಹಾಲು ಕುಡಿಸಿದಳು. ಖುರ್ಷಿದಾ ಇವತ್ತಿಗೂ ಅವಳನ್ನು ಅವ್ವ ಎಂದೇ ಕರೆಯುತ್ತಾಳೆ. ರಮಜಾನಿನ ಸುರಕುಂಬಾ ಪಾಯಸದ ಮೊದಲ ಬಟ್ಟಲು ದುರುಗೇಶನದು.

ಅವನು ಸಣ್ಣವನಿದ್ದಾಗ ಗಾಳೆಮ್ಮ ಗಂಡನನ್ನು ಕಳೆದುಕೊಂಡು, ರಸ್ತೆ ಕೆಲಸಕ್ಕೆಂದು ಮಗನನ್ನು ಕಟ್ಟಿಕೊಂಡು ಗೋವಾಕ್ಕೆ ಹೋಗಿದ್ದಳು. ಮೂರು ವರ್ಷ ಅವನಿಗೆ ಶಾಲೆ ತಪ್ಪಿತು. ತಿರುಗಿ ಬಂದಾಗ ಅವನನ್ನು ತನಗಿಂತ ಮೂರು ವರ್ಷ ಚಿಕ್ಕವರ ಜೊತೆ ಕೂರಿಸಿ, ಆ ತರಗತಿಗೆ ಒಪ್ಪುವ ಒಂದು ಹುಟ್ಟಿದ ದಿನವನ್ನು ಯಾರೋ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಬರೆದುಕೊಂಡರು. ಓದು ಬಾರದ ಗಾಳೆಮ್ಮ ಹೆಬ್ಬೆಟ್ಟು ಒತ್ತಿದಳು. ಹೀಗೆ ದುರುಗೇಶ ಮುನವ್ವರನ ಪಕ್ಕದಲ್ಲಿ ಬಂದು ಕೂತ. ಹತ್ತನೆಯ ತರಗತಿಯವರೆಗೂ ಅಲ್ಲೇ ಕೂತ.

ಮಾಸ್ತರರು ಶಾಲೆಯಲ್ಲಿ ಒಂದು ಕ್ರೀಡಾ ಸಂಘವನ್ನೂ ಕಟ್ಟಿದರು. ದುರುಗೇಶ ಅಧ್ಯಕ್ಷ, ಮುನವ್ವರ ಕಾರ್ಯದರ್ಶಿ. ಶನಿವಾರ ಶಾಲೆ ಬಿಟ್ಟ ಮೇಲೆ ಬೇವಿನ ಮರದ ಕೆಳಗೆ ಸಭೆ. ಒಬ್ಬ ಹುರಿದ ಶೇಂಗಾ ತರಬೇಕು, ಇಬ್ಬರು ಮೈದಾನದ ಕಲ್ಲು ಆರಿಸಬೇಕು, ಮತ್ತಿಬ್ಬರು ಸುಣ್ಣದ ಗೆರೆ ಎಳೆಯಬೇಕು. ಮುನವ್ವರನ ಅಪ್ಪ, ಗಾದಿ ಹೊಲಿಯುವ ಶಾಮೀದಸಾಬ ಉಳ್ಳಾಗಡ್ಡಿ ಚೀಲಗಳನ್ನು ಬಿಚ್ಚಿ ಗೋಲಿನ ಬಲೆ ಹೊಲಿದುಕೊಟ್ಟ; ಮಗನಿಗೆಂದು ಅರಳೆ ತುಂಬಿದ ಕೈಗವಸುಗಳನ್ನೂ ಹೊಲಿದ. ಅವನ್ನು ಹಾಕಿಕೊಂಡರೆ ಮುನವ್ವರ ಗೋಲ್‌ಕೀಪರನಂತಲ್ಲ, ರೊಟ್ಟಿ ತಟ್ಟಲು ನಿಂತವನಂತೆ ಕಾಣುತ್ತಾನೆ ಎಂದು ತಂಡವೆಲ್ಲ ನಗುತ್ತಿತ್ತು.

ಸಂಘಕ್ಕೆ ಒಂದು ಗೋಡೆಪತ್ರಿಕೆ ಇತ್ತು. ಒಂಬತ್ತನೆಯ ತರಗತಿಯ ಜಾಸ್ಮೀನ ಚಿತ್ರ ಬಿಡಿಸುತ್ತಿದ್ದಳು, ಮುನವ್ವರ ಬರೆಯುತ್ತಿದ್ದ. ಆಗಸ್ಟಿನಲ್ಲಿ ತಾಲೂಕು ಪಂದ್ಯಗಳನ್ನು ಗೆದ್ದು ಬಂದ ವಾರ ಅವನು ‘ನಮ್ಮ ಕ್ಯಾಪ್ಟನ್’ ಎಂದು ಬರೆದ. ಎರಡು ದಿನ ಕೂತು, ಹೊಡೆದು ಹಾಕಿ, ಮತ್ತೆ ಬರೆದದ್ದು.

‘ನನ್ನ ಅಕ್ಕ ಹುಟ್ಟಿ ಮೂರು ದಿನಕ್ಕೆ ನಮ್ಮ ಕ್ಯಾಪ್ಟನ್ ಹುಟ್ಟಿದ. ಇಬ್ಬರೂ ಗಾಳೆಮ್ಮ ಎಂಬ ಒಂದೇ ತಾಯಿಯ ಹಾಲು ಕುಡಿದರು. ಅಕ್ಕ ಈಗ ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಕ್ಯಾಪ್ಟನ್ ನಮಗೆ ಗೆಲ್ಲುವುದನ್ನು ಕಲಿಸುತ್ತಿದ್ದಾನೆ.’

ದುರುಗೇಶ ಅದನ್ನು ತುಟಿ ಅಲ್ಲಾಡಿಸುತ್ತ ಓದಿದ. ಮುಗಿದ ಮೇಲೂ ಅಲ್ಲೇ ನಿಂತಿದ್ದ.

“ನಮ್ಮವ್ವಗ ಓದಿ ಹೇಳೋ ಮುನ್ನಾ,” ಎಂದ. “ಆಕಿ ಹೆಸರು ಎಲ್ಲೂ ಬರದಿಲ್ಲ ಯಾರೂ.”

ಅದರಲ್ಲಿ ವಯಸ್ಸಿನ ಲೆಕ್ಕ ಇದೆಯೆಂದು ಅವರಿಬ್ಬರಿಗೂ ಹೊಳೆಯಲಿಲ್ಲ. ತಪ್ಪು ತಿದ್ದಿ ಸಹಿ ಮಾಡಿದ ಮಾಸ್ತರರಿಗೂ ಹೊಳೆಯಲಿಲ್ಲ.

ಸೆಪ್ಟೆಂಬರಿನ ಮೊದಲ ಭಾನುವಾರ ಕುಷ್ಟಗಿ ಕಡೆಯ ಒಂದು ಶಾಲೆಯ ತಂಡ ಸ್ನೇಹದ ಪಂದ್ಯವಾಡಲು ಬಂತು. ಆಟ ಸಮವಾಯಿತು. ಊಟದ ಹೊತ್ತಿಗೆ ಆ ಶಾಲೆಯ ಮಾಸ್ತರರು ಗೋಡೆಪತ್ರಿಕೆಯ ಮುಂದೆ ನಿಂತು ಪೂರಾ ಓದಿದರು.

“ಬರದವ ಯಾರು? ನೀನೇನು? ಭಾಳ ಛಲೋ ಬರದೀಪಾ. ನಮ್ಮ ಹುಡುಗರಿಗೂ ತೋರಿಸ್ತೀನಿ,” ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಮುನವ್ವರ ಅವತ್ತು ಊಟವನ್ನೇ ಮರೆತ.

ಜಿಲ್ಲಾ ಪಂದ್ಯಗಳು ಕೊಪ್ಪಳದಲ್ಲಿ. ಸೆಮಿಫೈನಲ್‌ನಲ್ಲಿ ಗಂಗಾವತಿ ಹುಡುಗರ ಮೇಲೆ ದುರುಗೇಶ ಎರಡು ಗೋಲು ಹೊಡೆದ. ಎರಡನೆಯದನ್ನು ಹೊಡೆದಾಗ ಅವನ ಬೆನ್ನು ಗೋಲಿನ ಕಡೆಗಿತ್ತು. ಪಂದ್ಯ ಮುಗಿದದ್ದೇ ತಡ, ಕ್ರೀಡಾ ವಸತಿ ನಿಲಯಕ್ಕೆ ಹುಡುಗರನ್ನು ಆರಿಸಲು ಬಂದಿದ್ದ ತರಬೇತುದಾರರೊಬ್ಬರು ಅವನ ಹೆಸರು, ಊರು ಕೇಳಿ ಬರೆದುಕೊಂಡರು. ಊಟ, ವಸತಿ, ಬೂಟು ಎಲ್ಲ ಅವರದೇ. ಓದೂ ಅಲ್ಲೇ, ಆಟವೂ ಅಲ್ಲೇ. ಆ ರಾತ್ರಿ ದುರುಗೇಶ ಮನೆಗೆ ಫೋನು ಮಾಡಿಸಿದ. ಮರುದಿನ ಗಾಳೆಮ್ಮ ಮೇಕೆಗಳನ್ನು ರಾಜಾಬೀಗೆ ಒಪ್ಪಿಸಿ, ಖುರ್ಷಿದಾಳ ಕೈ ಹಿಡಿದುಕೊಂಡು, ಹುಟ್ಟಿದಾಗಿನಿಂದ ಮೊದಲ ಸಲ ಮಗನ ಆಟ ನೋಡಲು ಕೊಪ್ಪಳದ ಬಸ್ಸು ಹತ್ತಿದಳು.

ಫೈನಲ್ ಅದೇ ಕುಷ್ಟಗಿ ಕಡೆಯ ತಂಡದ ಮೇಲೆ. ಕೆಂಚಿಗುಡ್ಡ ಎರಡು ಒಂದರಿಂದ ಗೆದ್ದಿತು. ಕೊನೆಯ ನಿಮಿಷದಲ್ಲಿ ಮುನವ್ವರ ಅಡ್ಡ ಹಾರಿ ತಡೆದ ಚೆಂಡು ಇನ್ನೂ ಅವನ ಎದೆಯಲ್ಲೇ ಇತ್ತು. ದುರುಗೇಶ ಓಡಿ ಬಂದು ಅವನನ್ನು ಚೆಂಡಿನ ಸಮೇತ ಎತ್ತಿಕೊಂಡ. ಗಾಳೆಮ್ಮ ತಂತಿಬೇಲಿಗೆ ಒತ್ತಿ ನಿಂತು, ಯಾರು ಗೆದ್ದರೆಂದು ಖುರ್ಷಿದಾಳನ್ನು ಕೇಳುತ್ತಿದ್ದಳು.

ಕಪ್ಪು ಕೊಡುವ ಮೊದಲು ಸಂಘಟಕರ ಮೇಜಿನ ಮುಂದೆ ಗುಂಪು ಸೇರಿತು. ಎದುರಾಳಿ ತಂಡದ ಮಾಸ್ತರರು ಮೊಬೈಲು ಹಿಡಿದು ನಿಂತಿದ್ದರು. ಹಿರಿಯ ಅಧಿಕಾರಿಯೊಬ್ಬರು ಕನ್ನಡಕ ಏರಿಸಿಕೊಂಡು ಓದಿ, ಕ್ಯಾಪ್ಟನ್‌ನನ್ನೂ ಗೋಲ್‌ಕೀಪರನನ್ನೂ ಕರೆಸಿದರು.

“ಇದನ್ನ ಬರದವ ಯಾರು?”

ತನ್ನದೇ ಅಕ್ಷರ ಕಂಡು ಮುನವ್ವರ ಮುಂದೆ ಬಂದ. “ನಾನ್ರೀ ಸರ್.”

“ಇದು ಹದಿನೇಳು ವರ್ಷದ ಒಳಗಿನವರ ಪಂದ್ಯ. ನಿಮ್ಮಕ್ಕ ಡಿಗ್ರಿ ಓದತಾಳ. ಈ ಹುಡುಗ ಆಕಿ ವಾರಗಿ, ಮೂರ ದಿನಕ್ಕ ಸಣ್ಣಾಂವ ಅಂತ ಬರದೀ. ಖರೇ ಏನು?”

ಆಗ ತಿಳಿಯಿತು ಅವನಿಗೆ.

“ಸುಳ್ಳ್ರೀ ಸರ್,” ಎಂದ. “ಓದಾಕ ಛಂದ ಇರಲಿ ಅಂತ ನಾನ ಕಟ್ಟಿ ಬರದೀನ್ರಿ. ಗಾಳೆವ್ವ ಚಿಗವ್ವ ನಮ್ಮಕ್ಕಗ ಹಾಲು ಕುಡಿಸೇ ಇಲ್ರಿ.”

ಜೋರಾಗಿಯೇ ಹೇಳಿದ್ದ. ಬೇಲಿಯ ಬಳಿ ನಿಂತಿದ್ದ ಗಾಳೆಮ್ಮನಿಗೆ ಅದು ಕೇಳಿಸಿತು. ಅವಳು ಏನೂ ಅರ್ಥವಾಗದೆ ಖುರ್ಷಿದಾಳ ಮುಖ ನೋಡಿದಳು, ಆಮೇಲೆ ಮಗನ ಮುಖ ನೋಡಿದಳು. ಮುನವ್ವರ ದುರುಗೇಶನ ಅಂಗಿಯ ತುದಿ ಜಗ್ಗಿದ. ‘ಇಲ್ಲ ಅನ್ನು, ಇಲ್ಲ ಅನ್ನು’ ಎಂದು ಒಳಗೇ ಬೇಡುತ್ತಿದ್ದ.

“ಅಂವ ಬರದದ್ದು ಖರೇ ಐತ್ರಿ ಸರ್,” ಎಂದ ದುರುಗೇಶ. “ಈಗ ಹೇಳಿದ್ದು ಸುಳ್ಳು. ನಮ್ಮವ್ವ ಅಲ್ಲೇ ನಿಂತಾಳ ನೋಡ್ರಿ. ಆಕಿ ಮುಂದ ನಾ ಹೆಂಗ ಇಲ್ಲ ಅನ್ನಲಿ?”

ದೂರು ಕೊಟ್ಟ ಮಾಸ್ತರರು ಮೊಬೈಲನ್ನು ಕಿಸೆಗೆ ಹಾಕಿಕೊಂಡು, “ನಮ್ಮ ಹುಡುಗರೂ ವರ್ಷಗಟ್ಟಲೆ ಕಷ್ಟಪಟ್ಟಾರ್ರೀ,” ಎಂದರು, ಯಾರನ್ನೂ ನೋಡದೆ. ಲಕ್ಷ್ಮಣಪ್ಪ ಮಾಸ್ತರರು ಕೈಮುಗಿದು, ಶಾಲೆಯ ಪುಸ್ತಕದಲ್ಲಿರುವುದನ್ನೇ ಅರ್ಜಿಯಲ್ಲಿ ತುಂಬಿದ್ದೇನೆ ಎಂದು ಎಷ್ಟು ಹೇಳಿಕೊಂಡರೂ ನಡೆಯಲಿಲ್ಲ. ಗೆಲುವು ರದ್ದಾಯಿತು. ಎದುರಾಳಿ ತಂಡದ ಕೈಗೆ ಕಪ್ಪು ಹೋಯಿತು. ಹೆಸರು ಬರೆದುಕೊಂಡಿದ್ದ ತರಬೇತುದಾರರು ದುರುಗೇಶನ ಹೆಗಲ ಮೇಲೆ ಕೈ ಇಟ್ಟು, ಹೊರಟುಹೋದರು.

ಊರಿಗೆ ಬರುವ ಬಸ್ಸಿನಲ್ಲಿ ಹುಡುಗರು ಮುನವ್ವರನ ಪಕ್ಕ ಕೂರಲಿಲ್ಲ. ದುರುಗೇಶ ಕೂತ. ಆದರೆ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ತಿರುಗಿಸಿಯೇ ಕೂತಿದ್ದ.

ಸೋಮವಾರ ಅವನು ಶಾಲೆಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಮಾಸ್ತರರು ಮನೆಗೇ ಬಂದು ಕೂತರು.

“ಆಟ ಹೋದ್ರ ಹೋಗ್ಲಿ, ಪರೀಕ್ಷಾ ಬರೀ. ವಯಸ್ಸು ತಿದ್ದಿಸೋಣು. ಅದಕ್ಕೂ ದಾರಿ ಐತಿ,” ಎಂದರು.

“ಹೂನ್ರಿ ಸರ್,” ಎಂದ ದುರುಗೇಶ. ಆ ಗುರುವಾರ ಬೆಳಿಗ್ಗೆ, ಯಾರಿಗೂ ಹೇಳದೆ, ಶ್ರೀರಾಮನಗರದ ಒಂದು ಅಕ್ಕಿ ಗಿರಣಿಗೆ ಚೀಲ ಹೊರಲು ಹೋಗಿಬಿಟ್ಟ.

ಸಂಜೆ ಗಾಳೆಮ್ಮ ಬಂದು ರಾಜಾಬೀಯ ಹೊಸ್ತಿಲಲ್ಲಿ ಕೂತಳು. ಅವಳು ಜಗಳಕ್ಕೆ ಬಂದಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದಳು:

“ರಾಜಾಬೀ, ನಾ ಆವತ್ತ ಹಾಲು ಕೊಟ್ಟದ್ದ ತಪ್ಪಾತೇನ?”

ಖುರ್ಷಿದಾ ಓಡಿ ಬಂದು ಅವಳ ಮಡಿಲಲ್ಲಿ ಮುಖ ಹುದುಗಿಸಿದಳು. ರಾಜಾಬೀ ಸೆರಗು ಬಾಯಿಗೆ ಒತ್ತಿಕೊಂಡಳು. ಮುನವ್ವರ ಹಿತ್ತಲಿಗೆ ಹೋಗಿ ನಿಂತ. ಎರಡು ದಿನ ಕೂತು ಬರೆದಿದ್ದೆನಲ್ಲ ಎಂಬುದೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ಅವಸರದಲ್ಲಿ ಕೆಟ್ಟದಾಗಿ ಬರೆದಿದ್ದರೆ ಆ ಮಾಸ್ತರರು ನಿಂತು ಓದುತ್ತಲೂ ಇರಲಿಲ್ಲ.

ದೀಪಾವಳಿ ರಜೆಯಲ್ಲಿ ಅವನು ಮನೆಯಲ್ಲಿ ಹೇಳಿಯೇ ಶ್ರೀರಾಮನಗರಕ್ಕೆ ಹೋದ. ರಾಜಾಬೀ ಚುರುಮುರಿ, ಶೇಂಗಾ ಉಂಡಿ ಕಟ್ಟಿಕೊಟ್ಟಿದ್ದಳು. ಗಿರಣಿಯ ಬಾಗಿಲಲ್ಲಿ ಹೊಟ್ಟಿನ ಧೂಳು ಕಣ್ಣಿಗೆ ಚುಚ್ಚುತ್ತಿತ್ತು. ದುರುಗೇಶ ತಲೆಗೆ ಗೋಣಿ ಸುತ್ತಿಕೊಂಡು ಹೊರಗೆ ಬಂದ. ಹುಬ್ಬಿನ ಮೇಲೂ ಧೂಳು. ಎರಡೇ ತಿಂಗಳಿಗೆ ಅವನ ಹೆಗಲು ಅಗಲವಾಗಿತ್ತು, ನಡಿಗೆ ಭಾರವಾಗಿತ್ತು.

“ಬಾರಲೇ,” ಎಂದ. ಗಂಟು ಇಸಿದುಕೊಂಡ. ಅವ್ವ ಹೆಂಗದಾಳ ಎಂದು ಕೇಳಿದ, ಮೇಕೆ ಈದಿತೇನು ಎಂದು ಕೇಳಿದ.

“ದುರುಗ್ಯಾ, ಸಾಲಿಗೆ ಬಾ,” ಎಂದ ಮುನವ್ವರ. “ಪರೀಕ್ಷಾಕ್ಕ ಇನ್ನೂ ಟೈಮ್ ಐತಿ. ಸರ್ ದಿನಾ ಕೇಳತಾರ. ನಾ ಬೇಕಾದ್ರ ಬ್ಯಾರೆ ಕಡೆ ಕೂಡ್ತೀನಿ. ನನ್ನ ಮ್ಯಾಲೆ ಸಿಟ್ಟಿದ್ರ ಹೊಡಿ.”

“ಸಿಟ್ಟಿಲ್ಲೋ.”

“ಮತ್ತ ಬಾ.”

ದುರುಗೇಶ ಗಂಟಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತ.

“ಇಲ್ಲಿ ಯಾರಿಗೂ ನಾ ಆಡ್ತಿದ್ದೆ ಅಂತ ಗೊತ್ತಿಲ್ಲ. ಚೀಲ ಹೊರ್ತೀನಿ, ಉಣ್ತೀನಿ, ಮಲಗ್ತೀನಿ. ಅಷ್ಟ ಛಲೋ ಐತಿ. ನಿನ್ನ ನೋಡಿದ್ರ ಎಲ್ಲಾ ಮತ್ತ ಎದ್ದು ಬರ್ತೈತಿ ಮುನ್ನಾ. ಆ ಮನುಷ್ಯ ನನ್ನ ಹೆಸರು ಬರ್ಕೊಂಡದ್ದು...” ಆಮೇಲೆ ಮೆಲ್ಲಗೆ ಹೇಳಿದ: “ಇನ್ನ ಬರಬ್ಯಾಡ. ಕೈಮುಗಿತೀನಿ.”

ಒಳಗಿನಿಂದ ಯಾರೋ ಕೂಗಿದರು. ಅವನು ಹೋದ.

ಮುನವ್ವರ ರಸ್ತೆಯ ಅಂಚಿಗೆ ಬಂದು ನಿಂತ. ಗಂಗಾವತಿಯ ಬಸ್ಸು ಬಂತು, ಹತ್ತಲಿಲ್ಲ. ಮತ್ತೊಂದು ಬಂತು, ಕಂಡಕ್ಟರ್ “ಬರ್ತೀ ಏನು?” ಎಂದು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದ. ಊಟದ ಹೊತ್ತಾಯಿತು, ಗಿರಣಿಯ ಆಳುಗಳು ಹೊರಗೆ ಬಂದರು. ಅವರ ನಡುವೆ ದುರುಗೇಶನಿದ್ದ. ಇತ್ತ ನೋಡಿದ. ಒಂದು ಕ್ಷಣ ನಿಂತ ಹಾಗೂ ಆಯಿತು. ಆಮೇಲೆ ಪಕ್ಕದವನ ಹೆಗಲ ಮೇಲೆ ಕೈ ಹಾಕಿ, ಎಲ್ಲರ ಜೊತೆ ಎದುರಿನ ಖಾನಾವಳಿಯೊಳಗೆ ಹೋದ.

ಮೂರನೆಯ ಬಸ್ಸಿಗೆ ಮುನವ್ವರ ಹತ್ತಿದ. ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ಗಂಗಾವತಿಯವರೆಗೆ ನಿಂತೇ ಬಂದ.