ಹೆಬ್ಬೆರಳಿನ ಗುಂಡಿ

ಕನಕರಾಜ್ ಗುಂಡಿಯನ್ನು ಮತ್ತೊಮ್ಮೆ ಒತ್ತಿದ. ಟಿಕ್ ಎಂದಿತು, ಅಷ್ಟೇ. ಲ್ಯಾಪ್‌ಟಾಪಿನ ಪರದೆಯ ಮೇಲೆ ಹಳದಿ ಬೆಳಕು ಅ ಆ ಇ ಈ ಸಾಲಿನಿಂದ ಕ ಖ ಗ ಘ ಸಾಲಿಗೆ, ಅಲ್ಲಿಂದ ಚ ಛ ಸಾಲಿಗೆ ತನ್ನ ಪಾಡಿಗೆ ಇಳಿಯುತ್ತ ಹೋಯಿತು. ಗುಂಡಿ ಒತ್ತಿದರೆ ಅದು ನಿಲ್ಲಬೇಕಿತ್ತು. ಎಲ್ಲೂ ನಿಲ್ಲಲಿಲ್ಲ.

"ಕೇಬಲ್ ಹೋಗಿರ್ಬೇಕು ಅಕ್ಕ," ಎಂದ. ಹಾಗೆ ಹೇಳುವಾಗ ಮಂಚದ ಕಡೆ ನೋಡಲಿಲ್ಲ.

ಮಂಚದ ಮೇಲೆ ಎರಡು ದಿಂಬಿಗೆ ಒರಗಿಸಿ ಮಲಗಿಸಿದ್ದ ಮುರಳಿಮೋಹನ್ ಅವನನ್ನೇ ನೋಡುತ್ತಿದ್ದ. ಚಿಂತಾಮಣಿಯಿಂದ ಮುರುಗಮಲ್ಲಕ್ಕೆ ಹೋಗುವ ಬಸ್ಸಿನಲ್ಲಿ ಹದಿನಾರು ವರ್ಷ ಕಂಡಕ್ಟರಾಗಿದ್ದವನು. ಪಿಯುಸಿ ಓದುವಾಗ ಪಾಸು ಮರೆತು ಬಂದ ಕನಕರಾಜನನ್ನು ಎಷ್ಟೋ ಸಲ ಕೆಳಗಿಳಿಸದೆ, ಬೈದುಕೊಂಡೇ ಊರು ಮುಟ್ಟಿಸಿದ್ದ. ನಾಲ್ಕು ವರ್ಷದ ಹಿಂದೆ ಲಕ್ವ ಹೊಡೆದ ಮೇಲೆ ಅವನಿಗೆ ಉಳಿದದ್ದು ಕಣ್ಣು, ಕಿವಿ ಮತ್ತು ಬಲಗೈಯ ಹೆಬ್ಬೆರಳು. ಆ ಹೆಬ್ಬೆರಳಿಗೆಂದೇ ಗೌರಿಬಿದನೂರಿನ ನರಸಿಂಹಮೂರ್ತಿ ಮೇಷ್ಟ್ರು ಈ ಗುಂಡಿಯ ಡಬ್ಬಿ ಮಾಡಿಕೊಟ್ಟಿದ್ದರು. ಬೆಳಕು ಬೇಕಾದ ಸಾಲಿಗೆ ಬಂದಾಗ ಒಮ್ಮೆ, ಆ ಸಾಲಿನಲ್ಲಿ ಬೇಕಾದ ಅಕ್ಷರದ ಮೇಲೆ ಬಂದಾಗ ಇನ್ನೊಮ್ಮೆ ಒತ್ತಿದರಾಯಿತು, ಆ ಅಕ್ಷರ ಮೇಲಿನ ಪಟ್ಟಿಗೆ ಹೋಗಿ ಕೂರುತ್ತಿತ್ತು. ಒಂದೊಂದೇ ಅಕ್ಷರ ಕೂಡಿಸಿ ಮುರಳಿ ಮಾತಾಡುತ್ತಿದ್ದ.

"ಭಾನುವಾರ ನೀನು ಬಂದೋಗೋವರೆಗೂ ಚೆನ್ನಾಗೇ ಇತ್ತಲ್ಲಪ್ಪ," ಎಂದಳು ಮುರಳಿಯ ಹೆಂಡತಿ ತನುಜ. ಆರೋಪದ ದನಿಯಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು.

ಭಾನುವಾರ ಬಂದವನು ಅವನೇ. ಯಾರೂ ಕರೆದಿರಲಿಲ್ಲ. ಹಳೆಯ ಆಪರೇಟಿಂಗ್ ಸಿಸ್ಟಂಗೆ ಇನ್ನು ಮುಂದೆ ಅಪ್‌ಡೇಟ್ ಬರುವುದಿಲ್ಲ, ವೈರಸ್ ಹೊಕ್ಕರೆ ಕಷ್ಟ ಎಂದು ತನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಗಿರಾಕಿಗಳಿಗೆಲ್ಲ ಹೊಸದು ಹಾಕಿಕೊಡುತ್ತಿದ್ದ. ಮುರಳಿಯಣ್ಣನದ್ದೂ ಆಗಲಿ ಎಂದು ಬೈಕ್ ಏರಿ ಅಂಬಾಜಿದುರ್ಗದ ಬುಡದ ಈ ಹಳ್ಳಿಗೆ ಬಂದಿದ್ದ. ಹೊಸ ಪರದೆ ಮೂಡಿದ ಕೂಡಲೇ ಖುಷಿಯಿಂದ ಕಾಫಿ ಕುಡಿದು ಹೊರಟಿದ್ದ. ಗುಂಡಿ ಒತ್ತಿ ನೋಡಿರಲಿಲ್ಲ. ಹಳೆಯದಕ್ಕೆ ವಾಪಸು ಹೋಗಬಹುದಿತ್ತು, ಆದರೆ ಜಾಗ ಖಾಲಿಯಾಗಲಿ ಎಂದು ಹಳೆಯ ಫೈಲುಗಳನ್ನೆಲ್ಲ ಅಂದೇ ಅಳಿಸಿದವನೂ ಅವನೇ.

"ನಾಲ್ಕು ದಿನ ಆಯ್ತು," ಎಂದಳು ತನುಜ. "ಗೋಡೆ ಮೇಲೆ ಅಕ್ಷರಮಾಲೆ ಅಂಟಿಸಿ ನಾನೇ ಒಂದೊಂದೇ ಅಕ್ಷರ ಹೇಳ್ತೀನಿ, ಬೇಕಾದ್ದು ಬಂದಾಗ ಬೆರಳು ಆಡಿಸ್ತಾರೆ. ಒಂದು ಮಾತು ಬರೋಷ್ಟರಲ್ಲಿ ಸುಸ್ತಾಗೋಗ್ತಾರೆ. ನೆನ್ನೆ ಏನೋ ಹೇಳಕ್ಕೆ ಹೊರಟ್ರು. ಕಾ ಅಂತ ಬಂತು, ಲು ಅಂತ ಬಂತು. ಕಾಲು ನೋಯ್ತೈತಾ ಅಂತ ಎಣ್ಣೆ ಕಾಸಿ ತಿಕ್ಕಿದ್ದೇ ತಿಕ್ಕಿದ್ದು. ತಿಕ್ಕಿದಷ್ಟೂ ಕಣ್ಣಲ್ಲಿ ನೀರು ಹಾಕ್ತಿದ್ರು. ನಾನೇನು ಮಾಡ್ಲಿ ಹೇಳು?"

ಪಕ್ಕದ ಕೋಣೆಯಲ್ಲಿ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಾಗಿತ್ತು. ತನುಜ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಅವನು ತಂತಿ ಬಿಚ್ಚಿ ಇನ್ನೊಂದು ಕಿಂಡಿಗೆ ಹಾಕಿದ. ಲ್ಯಾಪ್‌ಟಾಪ್ ಆಫ್ ಮಾಡಿ ಮತ್ತೆ ಆನ್ ಮಾಡಿದ. ಒಂದು ಮೌಸ್ ತೆಗೆದು ಮುರಳಿಯ ಹೆಬ್ಬೆರಳಿನ ಕೆಳಗಿಟ್ಟ. ಬೆರಳು ಒತ್ತಲು ನೋಡಿತು. ಉಗುರು ಬೆಳ್ಳಗಾಯಿತೇ ಹೊರತು ಮೌಸಿನ ಗುಂಡಿ ಕೆಳಗಿಳಿಯಲಿಲ್ಲ. ಕನಕರಾಜ್ ಅದನ್ನು ಮೆಲ್ಲಗೆ ತೆಗೆದುಬಿಟ್ಟ.

ಆಮೇಲೆ ಯಂತ್ರದ ಭಾಗಗಳ ಪಟ್ಟಿ ತೆರೆದ. ಡಬ್ಬಿಯ ತಂತಿಯನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಹಳೆಯ ಕನ್ವರ್ಟರಿನ ಹೆಸರಿನ ಮುಂದೆ ತೊಂದರೆ ಇದೆ ಎನ್ನುವ ಹಳದಿ ತ್ರಿಕೋನವಿತ್ತು. ಕೇಬಲ್ ಹೋಗಿರಲಿಲ್ಲ. ಹೊಸ ಸಿಸ್ಟಂ ತನ್ನ ಜೊತೆ, ಜೋಡಿಸಿದ ಸಾಧನಗಳನ್ನು ನಡೆಸುವ ಹೊಸ ಡ್ರೈವರ್ ತಂತ್ರಾಂಶ ತಂದುಕೊಂಡಿತ್ತು, ಆ ಡ್ರೈವರ್ ಈ ಹಳೆಯ ಕನ್ವರ್ಟರನ್ನು ತನ್ನದಲ್ಲ ಎನ್ನುತ್ತಿತ್ತು. ಕೆಟ್ಟ ವಸ್ತುವನ್ನಾದರೂ ಬದಲಾಯಿಸಬಹುದು. ಏನೂ ಕೆಡದ ವಸ್ತು ಹೀಗೆ ಸುಮ್ಮನಾಗಿ ಕೂತಿತ್ತು, ಅವನು ಮಾಡಿದ ಉಪಕಾರದಿಂದ.

ಹೊರಗೆ ಜಗುಲಿಗೆ ಬಂದು ನರಸಿಂಹಮೂರ್ತಿಯವರಿಗೆ ಫೋನ್ ಮಾಡಿದ. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು.

"ಮಾಡೋಕೆ ಮುಂಚೆ ನನ್ನನ್ನೊಂದು ಮಾತು ಕೇಳಬಾರದೇನಯ್ಯ?"

"ತಪ್ಪಾಯ್ತು ಸಾರ್."

"ಅವರಿಗೆ ಹೇಳ್ದೆಯಾ ಅದನ್ನ?"

ಕನಕರಾಜ್ ಬಾಗಿಲ ಕಡೆ ತಿರುಗಿ ನೋಡಿ ದನಿ ತಗ್ಗಿಸಿದ. "ಇನ್ನೂ ಇಲ್ಲ ಸಾರ್."

"ಸರಿ, ಪೆನ್ನು ತಗೋ. ಹೊಸ ಡ್ರೈವರ್ ತೆಗೆದುಹಾಕು. ಹಳೇದು ನನ್ನ ಹತ್ರ ಐತೆ, ಕಳಿಸ್ತೀನಿ. ಅದಾಗಿ ಅದೇ ಹುಡುಕ್ಕೊಳ್ಳಕ್ಕೆ ಬಿಡ್ಬೇಡ, ನೀನೇ ಪಟ್ಟಿಯಿಂದ ಆರಿಸಿ ಕೂರಿಸು. ಆಮೇಲೆ ಇಂಟರ್ನೆಟ್ಟಿಂದ ತಾನಾಗೇ ಮತ್ತೆ ಹೊಸದು ಎಳ್ಕೊಳ್ಳದ ಹಾಗೆ ಬಂದ್ ಮಾಡು. ಮರೀಬೇಡ, ಇಲ್ದಿದ್ರೆ ನಾಳೆ ಬೆಳಗ್ಗೆ ಇದೇ ಕಥೆ."

ಒಂದು ಸಲಕ್ಕೆ ಆಗಲಿಲ್ಲ. ಎರಡನೆಯ ಸಲ ತ್ರಿಕೋನ ಹೋಗಿ ಮತ್ತೆ ಬಂತು, ಇಂಟರ್ನೆಟ್ ನಿಲ್ಲಿಸಿರಲಿಲ್ಲ. ಮೂರನೆಯ ಸಲ ಎಲ್ಲವನ್ನೂ ಬರೆದುಕೊಂಡ ಕ್ರಮದಲ್ಲಿ ಮಾಡಿ ಗುಂಡಿ ಒತ್ತಿದ. ಹಳದಿ ಬೆಳಕು ತ ಥ ದ ಧ ನ ಸಾಲಿನ ಮೇಲೆ ನಿಂತಿತು.

"ಅಕ್ಕಾ!" ಎಂದು ಕೂಗಿದ.

ಡಬ್ಬಿಯನ್ನು ಮುರಳಿಯ ಅಂಗೈಯೊಳಗೆ ಇಟ್ಟ. ತನುಜ ಸೊಪ್ಪಿನ ಬುಟ್ಟಿ ಹಿಡಿದೇ ಓಡಿ ಬಂದು ಬಾಗಿಲಲ್ಲಿ ನಿಂತಳು. ಟಿಕ್. ಬೆಳಕು ಮುಂದೆ ಹೋಯಿತು, ತಿರುಗಿ ಬಂತು. ಟಿಕ್. ಮೇಲಿನ ಪಟ್ಟಿಯಲ್ಲಿ ಒಂದು ಪದವಾಯಿತು: ನಿನ್ನ. ಬಹಳ ಹೊತ್ತಿನ ಮೇಲೆ ಪೂರ್ತಿ ಮಾತು ಬಂತು.

ನಿನ್ನ ಕಾಲಿಗೆ ಏನಾಯ್ತು

ಕನಕರಾಜ್ ಓದಿ, ಕೆಳಗೆ ನೋಡಿದ. ತನುಜಳ ಎಡಗಾಲಿಗೆ ಹಳೆಯ ಸೀರೆಯ ಚೂರು ಸುತ್ತಿತ್ತು. ಹಿಮ್ಮಡಿಯ ಹತ್ತಿರ ರಕ್ತ ಒಣಗಿ ಕಪ್ಪಾಗಿತ್ತು. ಬೆಳಗ್ಗೆಯಿಂದ ಅವಳು ಕುಂಟುತ್ತಲೇ ಓಡಾಡಿದ್ದಳು. ಅವನು ಗಮನಿಸಿರಲಿಲ್ಲ.

"ಅಯ್ಯೋ, ಹಿಪ್ಪುನೇರಳೆ ಕೂಳೆ ಚುಚ್ಚಿದ್ದು ಕಣ್ರೀ," ಎಂದಳು. "ಇದನ್ನ ಕೇಳಕ್ಕಾ..." ಬುಟ್ಟಿ ಕೆಳಗಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಹೊಸ್ತಿಲ ಮೇಲೆ ಕುಳಿತಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದ ಹಾಗೆ ಭುಜ ಅಲುಗುತ್ತಿತ್ತು. "ನಾನು ಅವರ ಕಾಲು ತಿಕ್ತಾ ಕೂತಿದ್ದೆ ನೋಡು, ದಡ್ಡಿ."

ಟಿಕ್. ಟಿಕ್. ಇಂಜೆಕ್ಷನ್ ಹಾಕಿಸ್ಕೋ.

"ಹಾಕಿಸ್ಕೊತೀನಿ. ನಾಳೆ ಆಸ್ಪತ್ರೆಗೆ ಹೋಗ್ತೀನಿ, ಆಯ್ತಾ?"

ಇವತ್ತೇ.

"ಆಯ್ತು ಮಾರಾಯ್ರೇ, ಇವತ್ತೇ," ಎಂದು ಮೂಗೊರೆಸಿಕೊಂಡಳು.

"ನಾನೇ ಕರ್ಕೊಂಡು ಹೋಗ್ತೀನಿ ಅಣ್ಣ, ಬೈಕಲ್ಲಿ," ಎಂದ ಕನಕರಾಜ್. ಅವಳು ಮುಖ ತೊಳೆಯಲು ಹಿತ್ತಲಿಗೆ ಹೋದಳು. ಅವನು ಸ್ಕ್ರೂಡ್ರೈವರು, ಮೌಸು ಎಲ್ಲವನ್ನೂ ಬ್ಯಾಗಿಗೆ ತುಂಬಿ ಹೆಗಲಿಗೇರಿಸಿದ. ಸುಮ್ಮನೆ ಹೊರಗೆ ಹೋಗಿ ಕಾಯಬಹುದಿತ್ತು. ಬಾಗಿಲವರೆಗೆ ಹೋದವನು ತಿರುಗಿ ಬಂದು ಮಂಚದ ಪಕ್ಕ ನಿಂತ.

"ಅಣ್ಣ, ಕೇಬಲ್ ಏನೂ ಹೋಗಿರಲಿಲ್ಲ. ನಾನೇ ಹಾಳು ಮಾಡಿದ್ದು. ನಿಮ್ಮನ್ನ ಕೇಳ್ದೆ ಹೊಸದು ಹಾಕ್ಬಿಟ್ಟೆ, ಒತ್ತಿ ಕೂಡ ನೋಡ್ಲಿಲ್ಲ. ನಾಲ್ಕು ದಿನ ನಿಮ್ಮ ಬಾಯಿ ಕಟ್ಟಿದಂಗಾಯ್ತು."

ಮುರಳಿ ಅವನ ಮುಖವನ್ನು ನೋಡಿ, ಪರದೆಯ ಕಡೆ ಕಣ್ಣು ಹೊರಳಿಸಿದ. ಬೆಳಕು ಇಳಿಯಿತು, ನಿಂತಿತು, ಮತ್ತೆ ಇಳಿಯಿತು.

ಗೊತ್ತು.

ಕನಕರಾಜ್ ತಲೆ ತಗ್ಗಿಸಿದ. ಹೊರಡಬೇಕೆನ್ನುವಷ್ಟರಲ್ಲಿ ಮತ್ತೆ ಟಿಕ್, ಟಿಕ್ ಕೇಳಿಸಿತು. ಪರದೆಯ ಮೇಲೆ ಊ ಎಂಬ ಒಂದೇ ಅಕ್ಷರ ಬಂದು ಕುಳಿತಿತ್ತು. ಮುಂದಿನದು ಏನಿರಬಹುದೆಂದು ಅವನಿಗೆ ಹೊಳೆಯಿತು. ಬಾಯಿಬಿಟ್ಟು ಹೇಳಲಿಲ್ಲ. ಬ್ಯಾಗನ್ನು ಹೆಗಲಿಂದಿಳಿಸಿ ಗೋಡೆಗೊರಗಿ ನೆಲದ ಮೇಲೆ ಕುಳಿತ. ಬೆಳಕು ಕ ಖ ಗ ಘ ದಾಟಿ, ಚ ಛ ಜ ಝ ದಾಟಿ, ನಿಧಾನಕ್ಕೆ ಟ ಇರುವ ಸಾಲಿನ ಕಡೆ ಇಳಿಯುತ್ತಿತ್ತು.