ಒಲೆಗಿಟ್ಟ ತಂತಿ

ಮಸೀದಿಯಿಂದ ತಂದ ಜನಾಜಾವನ್ನು ಅಂಗಳದಲ್ಲಿ ಇಳಿಸುವಾಗ ಅದರ ಒಂದು ಹಿಡಿಕೆ ಬೆಸುಗೆ ಬಿಟ್ಟು ನಿಯಾಜನ ಕೈಗೇ ಬಂತು. ಹೆಣ ಹೊರುವ ಆ ಅಲ್ಯೂಮಿನಿಯಂ ಜನಾಜಾವನ್ನು ಹಿಂದೆ ಮಾಡಿಕೊಟ್ಟವನು ಬೇರಾರೂ ಅಲ್ಲ, ಒಳಗೆ ಹೆಣವಾಗಿ ಮಲಗಿದ್ದ ವೆಲ್ಡಿಂಗ್ ಫಕ್ರುಸಾಬನೇ. ಅಣ್ಣಿಗೇರಿಯ ಬಾಯಿಗೆ ಬೀಗ ಎಲ್ಲಿಯದು? ಅವನ ಬೆಸುಗೆ ಅವನಿಗೇ ಕೈಕೊಟ್ಟಿತೆಂಬ ಪಿಸುಮಾತು ಹೆಂಡತಿ ಜುಲೇಖಾಬಿಗೂ ಮುಟ್ಟಿತು. ಬೆಳಗಿನಿಂದ ಅತ್ತದ್ದಕ್ಕಿಂತ ಆ ಮಾತು ಅವಳನ್ನು ಹೆಚ್ಚು ಸುಟ್ಟಿತು.

ಗಂಡನ ಅಣ್ಣನ ಮಗ ನಿಯಾಜ, ಹಗ್ಗ ಬಿಗಿದು ಹೊತ್ತರಾಯಿತು ಎಂದ.

"ಹಗ್ಗ ಬ್ಯಾಡ," ಎನ್ನುತ್ತ ಜುಲೇಖಾಬಿ ಎದ್ದು ಬಂದಳು. "ಒಡದ ಬೆಸಿಗಿ ಇಟ್ಕೊಂಡು ಊರ ಮುಂದ ಹೋಗಾಂವಲ್ಲ ನಿನ್ನ ಕಾಕಾ. ಅಂಗಡಿಯೊಳಗ ತಾ ಅದನ್ನ."

ಅಂಗಡಿಯೆಂದರೆ ಮನೆಯದೇ ಮುಂದಿನ ಕೋಣೆ. ಆದರೆ ಅವಳು ಮೊದಲು ಹೋದದ್ದು ಅಡುಗೆಮನೆಗೆ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಿದಳು.

*

ಆ ಜನಾಜಾ ಫಕ್ರುಸಾಬನ ಮೊದಮೊದಲ ಕೆಲಸ. ಆಗ ಕಬ್ಬಿಣ ಅವನ ಮಾತು ಕೇಳುತ್ತಿತ್ತು, ಅಲ್ಯೂಮಿನಿಯಂ ಕೇಳುತ್ತಿರಲಿಲ್ಲ. ಬೆಸುಗೆಯ ತುಂಬ ಸೂಜಿಮೊನೆಯಂಥ ತೂತು. ಇಂದಲ್ಲ ನಾಳೆ ಬಿರುಕು. ಒಂದು ಮಳೆಗಾಲದ ಮಧ್ಯಾಹ್ನ, ಬೆಸುಗೆಗೆ ಕರಗಿಸಿ ತುಂಬುವ ತಂತಿಯನ್ನು ಸಿಟ್ಟಿನಿಂದ ಅಡುಗೆಮನೆಗೇ ಎಸೆದ. ರೊಟ್ಟಿ ಬಡಿಯುತ್ತಿದ್ದ ಜುಲೇಖಾಬಿ ತಲೆಯೆತ್ತಲಿಲ್ಲ.

"ತಣ್ಣೀರಾಗ ನಾದಿದ್ರ ಜ್ವಾಳದ ಹಿಟ್ಟೂ ಬಿರೀತೈತ್ರಿ. ಅದಕ್ಕ ಎಸರು ಕಾಸೂದು. ನಿಮ್ಮ ತಂತೀನೂ ಕಾಸಿ ನೋಡ್ರಿ."

ಅವನು ನಕ್ಕ. ಸಂಜೆಗೆ ಬೆಕ್ಕಿನ ಹೆಜ್ಜೆಯಲ್ಲಿ ಬಂದು ತಂತಿಯನ್ನು ಹಂಚಿನ ಮೇಲಿಟ್ಟ. ತೇವ ಆರಿದ ಬಿಸಿ ತಂತಿ ಒಂದೂ ತೂತಿಲ್ಲದೆ ಕರಗಿ ಕೂತಿತು. ಅಂದಿನಿಂದ ತಂತಿ ಕಾಸುವುದು ಅವಳ ಪಾಲಿಗೆ ಬಂತು. ಅವನ ಕೈ ನಡುಗತೊಡಗಿದ ಮೇಲೆ ಬೆಸುಗೆಯೂ. ಹೆಸರು ಮಾತ್ರ, ಗಿರಾಕಿಗಳೊಡನೆ ಹರಟುತ್ತ ನಿಂತವನದು. ಮಸೀದಿಯ ಜನಾಜಾವನ್ನು ತಿರುಗಿ ಬೆಸೆಯಬೇಕೆಂದು ಅವನು ಪ್ರತಿ ರಂಜಾನಿಗೂ ಹೇಳುತ್ತಿದ್ದ.

*

ಹೊಗೆ ಕಂಡು ಹೆಂಗಸರು ಮೂಗು ಮುರಿದರು. ನಿಯಾಜ ಬಾಗಿಲಿಗೆ ಅಡ್ಡ ನಿಂತ.

"ಇವತ್ತ ಒಲಿ ಹಚ್ಚಬಾರದು ಚಾಚಿ. ಮಂದಿ ಏನಂದಾರು?"

"ಅನ್ನಲಿ. ಅವರ ಹೆಸರು ಒಡದು ಬಿದ್ದಾಗ ಮಂದಿ ಸುಮ್ನಿದ್ರೇನು? ಬಾಜೂಕ ಸರಿ."

ಪಕ್ಕದ ಅಂಗಡಿಯ ಈರಪ್ಪ ಬಂದು ಹಿಡಿಕೆಯನ್ನು ಅದರ ಜಾಗಕ್ಕೆ ಒತ್ತಿ ಹಿಡಿದ. ಜುಲೇಖಾಬಿ ಗಂಡನ ಬೆಸುಗೆಯ ಮುಖಗವಸು ಹಾಕಿಕೊಂಡಳು. ಅದರೊಳಗೆ ಅವನ ಬೆವರಿನ ವಾಸನೆ ಇನ್ನೂ ಇತ್ತು. ಅವಳು ಅತ್ತಳು, ಯಾರಿಗೂ ಕಾಣಲಿಲ್ಲ. ಕಾಸಿದ ತಂತಿಯನ್ನು ಕರಗಿಸಿ ಬೆಸೆಯುತ್ತಿದ್ದ ಕೈ ಮಾತ್ರ ಅಲುಗಲಿಲ್ಲ.

ಜನಾಜಾ ಎದ್ದಿತು. ಹೆಂಗಸರು ಹೊಸ್ತಿಲಲ್ಲೇ ಉಳಿದರು. ಹೊಸ ಬೆಸುಗೆಯ ಕೆಳಗೆ ನಿಯಾಜನೇ ಹೆಗಲು ಕೊಟ್ಟಿದ್ದ. ಅದರ ಬಿಸಿ ಇನ್ನೂ ಆರಿರಲಿಲ್ಲ, ಅವನು ಕಿಸೆಯ ದಸ್ತಿಯನ್ನು ಮಡಿಚಿ ಹೆಗಲಿಗಿಟ್ಟುಕೊಂಡ. ಓಣಿಯ ತಿರುವಿನಲ್ಲಿ ಹೆಗಲು ಬದಲಿಸಲು ಯಾರೋ ಮುಂದೆ ಬಂದರು. ನಿಯಾಜ ತಲೆಯಲ್ಲಾಡಿಸಿ, ಬಿಡದೆ ನಡೆದ.